ಸ್ಲೋ ಕುಕ್ಕರ್‌ನಲ್ಲಿ ಸಕ್ಕರೆ ಹೊದಿಸಿದ ಬಾದಾಮಿ, ಗೋಡಂಬಿ: ಸಮಗ್ರ ಮಾರ್ಗದರ್ಶಿ

ಬಾಣಲೆಯಲ್ಲಿ ಪಾಕ ಹಿಡಿದು ಬಾದಾಮಿ, ಗೋಡಂಬಿಗಳಿಗೆ ಸಕ್ಕರೆ ಹೊದಿಸುವವರು ಒಲೆಯ ಮುಂದಿನಿಂದ ಕದಲುವಂತಿಲ್ಲ. ಎಳೆ ಪಾಕ ಗಟ್ಟಿ ಪಾಕವಾಗುವುದಕ್ಕೂ, ಗಟ್ಟಿ ಪಾಕ ಸೀದು ಕಹಿಯಾಗುವುದಕ್ಕೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಯಾದ ಸ್ಲೋ ಕುಕ್ಕರ್‌ನಲ್ಲಿ ಇದೇ ಕೆಲಸಕ್ಕೆ ಮೂರು ಗಂಟೆಯಾದರೂ ಬೇಕು, ಆದರೆ ಆ ಮೂರು ಗಂಟೆಯಲ್ಲಿ ಅಡುಗೆಯವರ ಕೈ ಬೇಕಾಗುವುದು ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಮ್ಮೆ ಮಾತ್ರ. ಹಾಗೆಂದು ಇದನ್ನು ಯಾರು ಬೇಕಾದರೂ ಕಣ್ಣುಮುಚ್ಚಿ ಮಾಡಬಹುದು ಎಂದು ಹೇಳಲಾಗದು. ಇಲ್ಲಿ ಉರಿಯ ಲೆಕ್ಕ ಇಡಬೇಕಾಗಿಲ್ಲ, ನೀರಿನ ಲೆಕ್ಕ ಇಡಬೇಕು. ಪಾತ್ರೆಯೊಳಗಿನ ತೇವ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸುತ್ತಿದ್ದರೆ ಉಳಿದದ್ದೆಲ್ಲ ಸುಲಭ.

ಒಳಗೆ ನಡೆಯುವುದೇನೆಂದು ಮೊದಲು ತಿಳಿದಿರುವುದು ಒಳ್ಳೆಯದು. ಸಕ್ಕರೆ ಒಣ ಕಾವಿನಲ್ಲಿ ಕರಗುವುದು ಸುಮಾರು 186 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಂದು ಬಣ್ಣಕ್ಕೆ ತಿರುಗಿ ಕ್ಯಾರಮೆಲ್ ಆಗಲು 160 ಡಿಗ್ರಿಗಿಂತ ಮೇಲಿನ ಕಾವು ಬೇಕು. ಸ್ಲೋ ಕುಕ್ಕರ್ ಆ ಮಟ್ಟಕ್ಕೆ ಏರುವ ಸಾಧನವಲ್ಲ. ಒಳಗೆ ನೀರಿನಂಶ ಇರುವಷ್ಟು ಹೊತ್ತು ಅದರ ಉಷ್ಣತೆ ನೀರು ಕುದಿಯುವ ಮಟ್ಟದ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಂತೂ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಇಲ್ಲಿ ಸಕ್ಕರೆ ಕಾವಿನಿಂದ ಕರಗುವುದಲ್ಲ, ಮೊಟ್ಟೆಯ ಬಿಳಿಯಲ್ಲಿರುವ ಅಲ್ಪ ನೀರಿನಲ್ಲಿ ಕರಗಿ ಬೀಜಗಳ ಮೈಗೆ ಹಿಡಿಯುತ್ತದೆ. ಆಮೇಲೆ ಆ ನೀರು ನಿಧಾನವಾಗಿ ಆವಿಯಾದಂತೆ ಸಕ್ಕರೆ ಮತ್ತೆ ಹರಳುಗಟ್ಟಿ ತೆಳುವಾದ ಗಟ್ಟಿ ಚಿಪ್ಪಾಗುತ್ತದೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡುವವರು ಸಣ್ಣ ಕಾವಿನ ಮೇಲೆ ಎಳ್ಳನ್ನಿಟ್ಟು, ತೆಳು ಪಾಕವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕೈಯಾಡಿಸುತ್ತ ಒಣಗಿಸುವ ಕ್ರಮದ ಹಿಂದೆಯೂ ಇದೇ ತತ್ವವಿದೆ. ಚಿಕ್ಕಿಯ ಹಾಗೆ ಗಾಜಿನಂತೆ ಹೊಳೆಯುವ, ಕಟುಕ್ಕೆಂದು ಮುರಿಯುವ ಲೇಪನ ಬೇಕೆನ್ನುವವರು ಬಾಣಲೆಯನ್ನೇ ನೆಚ್ಚಿಕೊಳ್ಳಬೇಕು. ಸ್ಲೋ ಕುಕ್ಕರ್‌ನಿಂದ ಬರುವುದು ಮಾಸಲು ಮೈಯ, ತುಸು ತರಿತರಿಯಾದ, ಗರಿಗರಿಯಾದ ಲೇಪನ.

ಪಾತ್ರೆ ಮತ್ತು ಕರೆಂಟು

ಈ ಸಾಧನ ಅಮೆರಿಕದ್ದು. ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ 1940ರಲ್ಲಿ ಇದರ ಪೇಟೆಂಟ್ ದೊರೆಯಿತು. ಅವರ ಕಂಪನಿಯನ್ನು ಕೊಂಡ ರೈವಲ್ ಸಂಸ್ಥೆ 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟ ಮೇಲೆ ಮನೆಮಾತಾಯಿತು. ಈ ಮಾತು ಇಲ್ಲಿ ಬರುವುದಕ್ಕೆ ಕಾರಣವಿದೆ. ಬೆಂಗಳೂರಿನ ಅನೇಕ ಮನೆಗಳಲ್ಲಿ ಸ್ಲೋ ಕುಕ್ಕರ್ ಇರುವುದೇ ಅಮೆರಿಕದಲ್ಲಿರುವ ಮಕ್ಕಳೋ ನೆಂಟರೋ ಪೆಟ್ಟಿಗೆಯಲ್ಲಿಟ್ಟು ತಂದುಕೊಟ್ಟಿದ್ದರಿಂದ. ಅಲ್ಲಿಯ ಸಾಧನಗಳು 120 ವೋಲ್ಟ್‌ಗೆ ತಯಾರಾದವು; ನಮ್ಮ ಗೋಡೆಯ ಪ್ಲಗ್‌ನಲ್ಲಿರುವುದು 230 ವೋಲ್ಟ್. ಪಿನ್ ಹೊಂದಿಸುವ ಸಣ್ಣ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ, ಆದ್ದರಿಂದ ಹಾಗೆಯೇ ಚುಚ್ಚಿದರೆ ಕಾಯಿಲ್ ಮೂರೂವರೆ ಪಟ್ಟಿಗಿಂತ ಹೆಚ್ಚು ವಿದ್ಯುತ್ ಎಳೆದು ಸುಟ್ಟುಹೋಗುತ್ತದೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಕೇಳಿ ತರಬೇಕು. ಕುಕ್ಕರ್‌ನ ತಳದಲ್ಲಿ ಬರೆದಿರುವ ವ್ಯಾಟ್‌ನ ಎರಡರಷ್ಟು ಸಾಮರ್ಥ್ಯದ್ದನ್ನು ಕೊಂಡರೆ ಮೂರು ಗಂಟೆ ಸತತವಾಗಿ ನಡೆದರೂ ಅದು ಬಿಸಿಯೇರಿ ಕೆಡುವುದಿಲ್ಲ. ಇಲ್ಲಿಯೇ ಕೊಂಡ ಕುಕ್ಕರ್ ಆಗಿದ್ದರೆ ಈ ತಾಪತ್ರಯವಿಲ್ಲ.

ಮೂರೂವರೆ ಲೀಟರ್‌ನ ಪಾತ್ರೆ ಅರ್ಧ ಕಿಲೋ ಬೀಜಗಳಿಗೆ ಸರಿಯಾಗುತ್ತದೆ. ಇಂಥದ್ದು ಸುಮಾರು 200 ವ್ಯಾಟ್ ಎಳೆಯುವುದರಿಂದ ಮೂರು ಗಂಟೆಗೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಖರ್ಚಾಗುತ್ತದೆ, ಅಷ್ಟೆ. ಇನ್‌ಸ್ಟಂಟ್ ಪಾಟ್‌ನಂಥ ವಿದ್ಯುತ್ ಪ್ರೆಶರ್ ಕುಕ್ಕರ್‌ಗಳ ಸ್ಲೋ ಕುಕ್ ವ್ಯವಸ್ಥೆಯಲ್ಲಿಯೂ ಇದನ್ನು ಮಾಡಬಹುದು, ಆದರೆ ಅವುಗಳಲ್ಲಿ ಕಾವು ಬರುವುದು ತಳದಿಂದ ಮಾತ್ರ. ನಿಜವಾದ ಸ್ಲೋ ಕುಕ್ಕರ್‌ನಲ್ಲಿ ಸಾಮಾನ್ಯವಾಗಿ ಪಿಂಗಾಣಿ ಪಾತ್ರೆಯ ಸುತ್ತಲ ಗೋಡೆ ಬಿಸಿಯಾಗುತ್ತದೆ. ಆದ್ದರಿಂದ ಮೊದಲನೆಯದರಲ್ಲಿ ತಳವನ್ನೂ ಎರಡನೆಯದರಲ್ಲಿ ಅಂಚನ್ನೂ ಹೆಚ್ಚು ಕೆರೆದು ಕಲಕಬೇಕು.

ಸಾಮಗ್ರಿಗಳ ಆಯ್ಕೆ

ಅರ್ಧ ಕಿಲೋ ಬೀಜಗಳು, 250 ಗ್ರಾಂ ಸಕ್ಕರೆ, ಒಂದು ಮೊಟ್ಟೆಯ ಬಿಳಿ, ಎರಡು ಟೀ ಚಮಚ ಚಕ್ಕೆ ಪುಡಿ, ಒಂದು ಟೀ ಚಮಚ ವೆನಿಲ್ಲಾ ಎಸೆನ್ಸ್, ಅರ್ಧ ಟೀ ಚಮಚ ಉಪ್ಪು, ಪಾತ್ರೆಗೆ ಸವರಲು ಅರ್ಧ ಚಮಚ ತುಪ್ಪ, ಕೊನೆಯಲ್ಲಿ ಚಿಮುಕಿಸಲು ಮೂರು ದೊಡ್ಡ ಚಮಚ ನೀರು. ಅಮೆರಿಕದ ಪಾಕವಿಧಾನಗಳಲ್ಲಿ ಸಕ್ಕರೆ ಬೀಜದಷ್ಟೇ ತೂಕದಲ್ಲಿ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಅಷ್ಟು ಹಾಕಿದರೆ ಅರ್ಧಕ್ಕರ್ಧ ಸಕ್ಕರೆ ಬೀಜಕ್ಕೆ ಅಂಟದೆ ತಳದಲ್ಲಿ ಉಳಿಯುತ್ತದೆ. ಬೀಜದ ಅರ್ಧ ತೂಕದ ಸಕ್ಕರೆ ಧಾರಾಳವಾಗಿ ಸಾಕು.

ಬೀಜಗಳಲ್ಲಿ ಬಾದಾಮಿಯಷ್ಟು ಈ ಕೆಲಸಕ್ಕೆ ಒದಗುವುದು ಬೇರೊಂದಿಲ್ಲ. ಅದರ ಸಿಪ್ಪೆ ಒರಟಾಗಿ ಸುಕ್ಕುಸುಕ್ಕಾಗಿರುವುದರಿಂದ ಸಕ್ಕರೆ ಕಚ್ಚಿ ಹಿಡಿಯುತ್ತದೆ. ಸಾಮಾನ್ಯ ಕ್ಯಾಲಿಫೋರ್ನಿಯಾ ಬಾದಾಮಿಯೇ ಸಾಕು; ದುಬಾರಿ ಮಾಮ್ರಾ ಬಾದಾಮಿಯನ್ನು ತಂದು ಸಕ್ಕರೆ, ಚಕ್ಕೆಯ ಅಡಿಯಲ್ಲಿ ಮುಚ್ಚುವುದು ದುಡ್ಡು ದಂಡ. ಗೋಡಂಬಿಯ ಮೈ ನುಣುಪಾಗಿರುವುದರಿಂದ ಲೇಪನ ಜಾರುತ್ತದೆ, ಜೊತೆಗೆ ಕಲಕುವಾಗ ಅದು ಹೋಳಾಗುತ್ತದೆ. ಅದಕ್ಕೆ ಇಡಿಯಾದ, ಮಧ್ಯಮ ಗಾತ್ರದ ಗೋಡಂಬಿಯನ್ನೇ ಆರಿಸಬೇಕು. ಅಂಗಡಿಯಲ್ಲಿ ಹೇಳುವ ಡಬ್ಲ್ಯು 320, ಡಬ್ಲ್ಯು 240 ಎಂಬ ಲೆಕ್ಕ ಒಂದು ಪೌಂಡ್‌ಗೆ ಸುಮಾರು ಎಷ್ಟು ಬೀಜ ತೂಗುತ್ತವೆ ಎಂಬುದನ್ನು ಸೂಚಿಸುತ್ತದೆ. ಸಂಖ್ಯೆ ಹೆಚ್ಚಿದಂತೆ ಗಾತ್ರ ಚಿಕ್ಕದು. 320 ನಮಗೆ ಸಾಕು. ಅಕ್ರೋಟಿನ ಸಂದುಗಳಲ್ಲಿ ಸಕ್ಕರೆ ಚೆನ್ನಾಗಿ ಕೂರುತ್ತದೆಯಾದರೂ ಅದರ ತೆಳು ಸಿಪ್ಪೆಯಲ್ಲಿ ಒಗರು, ಕಹಿ ಇರುತ್ತದೆ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಬಸಿದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿದರೆ ಆ ಒಗರು ಬಹುಪಾಲು ಹೋಗುತ್ತದೆ. ಎಲ್ಲ ಬಗೆಯನ್ನೂ ಬೆರೆಸುವುದಾದರೆ ಅರ್ಧ ಬಾದಾಮಿ, ಉಳಿದರ್ಧದಲ್ಲಿ ಮಿಕ್ಕವು ಎಂಬ ಪ್ರಮಾಣ ಹೊಂದುತ್ತದೆ.

ಒಟ್ಟಾಗಿ ಕೊಳ್ಳುವವರಿಗೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಡ್ರೈ ಫ್ರೂಟ್ ಅಂಗಡಿಗಳು ಅನುಕೂಲ. ಎಲ್ಲಿಯೇ ಕೊಂಡರೂ ಒಂದೆರಡು ಬೀಜ ಬಾಯಿಗೆ ಹಾಕಿಕೊಂಡು ನೋಡಿಯೇ ತೂಗಿಸಿಕೊಳ್ಳಬೇಕು, ಏಕೆಂದರೆ ಕಮಟು ಹಿಡಿದ ಬೀಜವನ್ನು ಯಾವ ಸಕ್ಕರೆಯೂ ಮರೆಮಾಡದು. ಚಕ್ಕೆಯನ್ನು ಪುಡಿಯಾಗಿ ಕೊಳ್ಳುವ ಬದಲು ಗ್ರಂಧಿಗೆ ಅಂಗಡಿಯಿಂದ ತುಂಡಾಗಿ ತಂದು, ತುಸು ಬೆಚ್ಚಗೆ ಮಾಡಿ ಮಿಕ್ಸಿಯಲ್ಲಿ ಪುಡಿಮಾಡಿ ಜರಡಿ ಹಿಡಿದರೆ ಪರಿಮಳದಲ್ಲಿ ಅಜಗಜಾಂತರವಿರುತ್ತದೆ.

ಸಕ್ಕರೆಯ ವಿಷಯದಲ್ಲಿ ಎರಡು ಮಾತು ಅಗತ್ಯ. ನಮ್ಮ ಅಂಗಡಿಗಳಲ್ಲಿ ಸಿಗುವ ಸಕ್ಕರೆಯ ಹರಳು ದಪ್ಪ. ಮೊಟ್ಟೆಯ ಬಿಳಿಯ ಅಷ್ಟಿಷ್ಟು ತೇವದಲ್ಲಿ ಅದು ಸುಲಭವಾಗಿ ಕರಗುವುದಿಲ್ಲ. ಮಿಕ್ಸಿಯಲ್ಲಿ ಎರಡು ಮೂರು ಸಲ ಗಿರ್ರೆನ್ನಿಸಿ ಸಣ್ಣ ರವೆಯ ಹದಕ್ಕೆ ತಂದುಕೊಳ್ಳಬೇಕು; ನುಣ್ಣಗೆ ಹಿಟ್ಟಾದರೆ ಲೇಪನ ಗರಿಗರಿ ಕಳೆದುಕೊಂಡು ಸುಣ್ಣದ ಹುಡಿಯಂತಾಗುತ್ತದೆ. ಎರಡನೆಯದು ಬೆಲ್ಲದ ಮಾತು. ಸಕ್ಕರೆಯ ಮೂರನೇ ಒಂದು ಭಾಗದ ಜಾಗದಲ್ಲಿ ಮಂಡ್ಯದ ಬೆಲ್ಲದ ಪುಡಿ ಹಾಕಿದರೆ ಬಣ್ಣವೂ ರುಚಿಯೂ ಹೆಚ್ಚುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಲ್ಲದಲ್ಲಿ ಸುಕ್ರೋಸ್‌ನ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್‌ಗಳೂ ಇರುವುದರಿಂದ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಬೆಲ್ಲ ಬೆವರುವುದು ಇದರಿಂದಲೇ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯ ಕಾಲ. ಆಗ, ಎಂದರೆ ದೀಪಾವಳಿಯ ಹೊತ್ತಿಗೆ ಮಾಡುವವರು ಬಿಳಿ ಸಕ್ಕರೆಗೇ ನಿಲ್ಲಬೇಕು. ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆಯಲ್ಲಿ ಬೆಲ್ಲವನ್ನು ಧೈರ್ಯವಾಗಿ ಬಳಸಬಹುದು. ಕಂದು ಸಕ್ಕರೆಯಲ್ಲಿಯೂ ಕಾಕಂಬಿಯ ಅಂಶವಿರುವುದರಿಂದ ಅದಕ್ಕೂ ಇದೇ ಮಾತು ಸಲ್ಲುತ್ತದೆ.

ಮೊಟ್ಟೆ ತಿನ್ನದವರಿಗೆ

ಮೊಟ್ಟೆಯ ಬಿಳಿ ಇಲ್ಲಿ ರುಚಿಗಾಗಿ ಅಲ್ಲ, ಅಂಟಿಗಾಗಿ ಇದೆ. ಅದರ ಪ್ರೋಟೀನು 60 ಡಿಗ್ರಿಯ ಆಸುಪಾಸಿನಿಂದ ಹೆಪ್ಪುಗಟ್ಟತೊಡಗಿ, ಸಕ್ಕರೆಯನ್ನು ಬೀಜದ ಮೈಗೆ ಬಂಧಿಸುತ್ತದೆ. ಮನೆಗೆ ಮೊಟ್ಟೆ ತರದವರು ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಬಳಸಬಹುದು. ಕಡಲೆಯನ್ನು ಉಪ್ಪಿಲ್ಲದೆ ಬೇಯಿಸಿ ಬಸಿದ ನೀರನ್ನು ಸಣ್ಣ ಉರಿಯಲ್ಲಿ ಬತ್ತಿಸಿ, ಬೆರಳಿಗೆ ಲೋಳೆಯಂತೆ ಹತ್ತುವ ಹದಕ್ಕೆ ತಂದು ಆರಿಸಬೇಕು. ಅದರ ಎರಡು ದೊಡ್ಡ ಚಮಚ ಒಂದು ಮೊಟ್ಟೆಯ ಬಿಳಿಗೆ ಸಮ. ಚೆನ್ನಾಗಿ ಕಡೆದರೆ ಅದೂ ನೊರೆ ಕಟ್ಟುತ್ತದೆ. ಲೇಪನ ಮೊಟ್ಟೆಯದಕ್ಕಿಂತ ಸ್ವಲ್ಪ ತೆಳುವಾಗಿ ಬರುತ್ತದೆ, ಒಣಗಲು ಅರ್ಧ ಗಂಟೆ ಹೆಚ್ಚು ಬೇಕಾಗಬಹುದು. ಕಡಲೆಯ ವಾಸನೆ ಉಳಿಯುವುದಿಲ್ಲ.

ಮಾಡುವ ಕ್ರಮ

ಮೊದಲು ಬೀಜಗಳನ್ನು ಹುರಿದುಕೊಳ್ಳಬೇಕು. ಅನೇಕರು ಈ ಹಂತವನ್ನು ಬಿಡುತ್ತಾರೆ; ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮೇಲೆ ಹೇಳಿದ ಉಷ್ಣತೆಯಲ್ಲಿ ಬೀಜ ಬೆಚ್ಚಗಾಗುತ್ತದೆಯೇ ಹೊರತು ಹುರಿಯುವುದಿಲ್ಲ, ಹಾಗಾಗಿ ಹಸಿ ಬಾದಾಮಿ ಹಾಕಿದರೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ ಎಂಬಂತಾಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ, ಬಾದಾಮಿಯನ್ನು ಹತ್ತು ನಿಮಿಷವೂ ಗೋಡಂಬಿ, ಅಕ್ರೋಟುಗಳನ್ನು ನಾಲ್ಕೈದು ನಿಮಿಷವೂ ಬೇರೆ ಬೇರೆಯಾಗಿ ಹುರಿದು, ಪೂರ್ತಿ ಆರಲು ಬಿಡಬೇಕು. ಬಿಸಿಯಿರುವಾಗಲೇ ಮೊಟ್ಟೆಯ ಬಿಳಿ ಬೆರೆಸಿದರೆ ಅದು ಅಲ್ಲೇ ಬೆಂದು ಚೂರುಚೂರಾಗುತ್ತದೆ.

ಕುಕ್ಕರ್‌ನ ಒಳಮೈಗೆ ತುಪ್ಪವನ್ನು ತೆಳುವಾಗಿ ಸವರಿ, ಕಡಿಮೆ ಕಾವಿಗೆ ಇಡಬೇಕು. ಆ ನಡುವೆ ಅಗಲವಾದ ಬಟ್ಟಲಿನಲ್ಲಿ ಮೊಟ್ಟೆಯ ಬಿಳಿ, ಉಪ್ಪು, ವೆನಿಲ್ಲಾ ಹಾಕಿ ಫೋರ್ಕ್‌ನಿಂದ ಒಂದೆರಡು ನಿಮಿಷ ಕಡೆಯಬೇಕು. ಮೇಲೆ ಸಡಿಲ ನೊರೆ ಬಂದರೆ ಸಾಕು. ಕೇಕಿಗೆ ಮಾಡುವಂತೆ ಗಟ್ಟಿ ನೊರೆ ಬೇಡ. ಇದಕ್ಕೆ ಬೀಜಗಳನ್ನು ಸುರಿದು ಎಲ್ಲವೂ ಒದ್ದೆಯಾಗಿ ಮಿರುಗುವವರೆಗೆ ಕೈಯಾಡಿಸಬೇಕು. ತಳದಲ್ಲಿ ದ್ರವ ನಿಂತಿದ್ದರೆ ಬೀಜಗಳನ್ನು ರಂಧ್ರದ ಸೌಟಿನಿಂದ ಎತ್ತಿ, ಆ ದ್ರವವನ್ನು ಅಲ್ಲಿಯೇ ಬಿಡುವುದು ಲೇಸು. ಸಕ್ಕರೆಗೆ ಚಕ್ಕೆ ಪುಡಿ ಬೆರೆಸಿ ಮುಕ್ಕಾಲು ಭಾಗವನ್ನು ಬೀಜಗಳ ಮೇಲೆ ಹಾಕಿ ಹೊರಳಿಸಿ, ಕುಕ್ಕರ್‌ಗೆ ವರ್ಗಾಯಿಸಿ, ಉಳಿದ ಕಾಲು ಭಾಗವನ್ನು ಮೇಲೆ ಉದುರಿಸಬೇಕು.

ಇನ್ನು ಮುಚ್ಚಳ. ಸ್ಲೋ ಕುಕ್ಕರ್‌ನಲ್ಲಿ ಸಾಂಬಾರು, ಕಾಳು ಬೇಯಿಸುವಾಗ ಮುಚ್ಚಳ ತೆರೆಯಲೇಬಾರದೆಂಬುದು ನಿಯಮ, ಏಕೆಂದರೆ ಅಲ್ಲಿ ಹಬೆ ಒಳಗೇ ಉಳಿಯಬೇಕು. ಇಲ್ಲಿ ಅದಕ್ಕೆ ತದ್ವಿರುದ್ಧ. ಬೀಜಗಳಿಂದ ಎದ್ದ ಹಬೆ ಗಾಜಿನ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಕೆಳಗೆ ಬಿದ್ದರೆ, ಆಗತಾನೇ ಒಣಗತೊಡಗಿದ ಸಕ್ಕರೆ ಪುನಃ ಕರಗಿ ಪಾಕವಾಗುತ್ತದೆ. ಎಷ್ಟು ಹೊತ್ತಿಟ್ಟರೂ ಒಣಗಲೇ ಇಲ್ಲವೆಂಬ ದೂರಿಗೆ ಹೆಚ್ಚಿನ ಸಲ ಕಾರಣ ಇದೇ. ಪಾತ್ರೆಯ ಬಾಯಿಗೆ ಒಗೆದ ಹತ್ತಿ ಬಟ್ಟೆಯೊಂದನ್ನು ಬಿಗಿಯಾಗಿ ಹಾಸಿ, ಅದರ ಮೇಲೆ ಮುಚ್ಚಳವಿಟ್ಟು, ಬಟ್ಟೆಯ ತುದಿಗಳನ್ನು ಮುಚ್ಚಳದ ಮೇಲಕ್ಕೆ ಮಡಚಿ ಕಟ್ಟಬೇಕು. ತುದಿಗಳು ಕುಕ್ಕರ್‌ನ ಬಿಸಿ ಮೈಗೆ ತಾಗುವಂತೆ ಜೋತುಬೀಳಬಾರದು. ಬಟ್ಟೆ ಹಬೆಯನ್ನು ಹೀರುತ್ತದೆ. ಒಂದು ಗಂಟೆಯ ಹೊತ್ತಿಗೆ ಒದ್ದೆಯಾಗಿದ್ದರೆ ಬೇರೊಂದನ್ನು ಹಾಕಬೇಕು. ಪ್ರತಿ ಸಲ ತೆರೆದಾಗಲೂ ಮುಚ್ಚಳವನ್ನು ಓರೆ ಮಾಡದೆ ನೇರವಾಗಿ ಎತ್ತಿ ಪಕ್ಕಕ್ಕೆ ಒಯ್ದು ಒರೆಸಬೇಕು.

ಕಡಿಮೆ ಕಾವಿನಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಮರದ ಸೌಟಿನಿಂದ ಅಂಚನ್ನೂ ತಳವನ್ನೂ ಕೆರೆದು ನಡುವಿಗೆ ತರಬೇಕು. ಮೊದಲ ಒಂದು ಗಂಟೆ ನೋಡಲು ಉತ್ಸಾಹ ಬರುವಂಥದ್ದೇನೂ ಇರುವುದಿಲ್ಲ. ಸಕ್ಕರೆ ಒದ್ದೆ ಮರಳಿನಂತೆ ಉದುರುದುರಾಗಿರುತ್ತದೆ. ಎರಡನೇ ಗಂಟೆಯಲ್ಲಿ ಅದು ಕರಗಿ ಬೀಜಗಳು ಒಂದಕ್ಕೊಂದು ಅಂಟಿ ಗಂಟುಗಂಟಾಗುತ್ತವೆ. ಇಲ್ಲಿ ಅನೇಕರು ಕಾವು ಸಾಲದೆಂದು ಹೆಚ್ಚಿನ ಕಾವಿಗೆ ತಿರುಗಿಸುತ್ತಾರೆ. ಹಾಗೆ ಮಾಡಬಾರದು, ಏಕೆಂದರೆ ನೀರು ಕಡಿಮೆಯಾದಂತೆ ಗೋಡೆಗೆ ತಾಗಿದ ಸಕ್ಕರೆಯ ಉಷ್ಣತೆ ತಾನಾಗಿಯೇ ಏರತೊಡಗಿರುತ್ತದೆ. ಕಾವು ಹೆಚ್ಚಿಸಿದರೆ ನಡುವಿನದು ಹಸಿಯಾಗಿರುವಾಗಲೇ ಅಂಚಿನದು ಕರಕಲಾಗುತ್ತದೆ. ಗಂಟುಗಳನ್ನು ಸೌಟಿನ ಬೆನ್ನಿನಿಂದ ಮೆಲ್ಲಗೆ ಒತ್ತಿ ಬಿಡಿಸುತ್ತ ಕಾಯಬೇಕು.

ಎರಡು ಗಂಟೆ ಕಳೆದ ಮೇಲೆ ಮೂರು ದೊಡ್ಡ ಚಮಚ ಬಿಸಿ ನೀರನ್ನು ಎಲ್ಲ ಕಡೆಗೂ ಚಿಮುಕಿಸಿ ಚೆನ್ನಾಗಿ ಕಲಕಬೇಕು. ಇಷ್ಟು ಹೊತ್ತು ನೀರನ್ನು ಓಡಿಸಿ ಈಗ ಮತ್ತೆ ಹಾಕುವುದು ವಿಚಿತ್ರವಾಗಿ ಕಾಣಬಹುದು, ಆದರೆ ಇದಕ್ಕೆ ಅರ್ಥವಿದೆ: ತಳದಲ್ಲಿ ಬಿಡಿಯಾಗಿ ಉಳಿದ ಸಕ್ಕರೆ ಈ ನೀರಿನಲ್ಲಿ ಕರಗಿ ಎರಡನೇ ಪದರವಾಗಿ ಬೀಜಗಳಿಗೆ ಹಿಡಿಯುತ್ತದೆ, ಒಂದಿಷ್ಟು ಹೊಳಪೂ ಬರುತ್ತದೆ. ತಣ್ಣೀರು ಬೇಡ, ಬಿಸಿ ಪಿಂಗಾಣಿ ಸೀಳುಬಿಡುವ ಅಪಾಯವಿದೆ. ಬಟ್ಟೆ, ಮುಚ್ಚಳ ಹಾಕಿ ಇನ್ನರ್ಧ ಗಂಟೆ ಬಿಟ್ಟು, ಅಲ್ಲಿಂದ ಮುಂದಿನ ಅರ್ಧ ಗಂಟೆ ಮುಚ್ಚಳವನ್ನೇ ತೆಗೆದು, ಹತ್ತು ನಿಮಿಷಕ್ಕೊಮ್ಮೆ ಕಲಕುತ್ತ ಒಣಗಿಸಬೇಕು.

ಹದವಾಯಿತೇ ಎಂದು ಕುಕ್ಕರ್‌ನೊಳಗೆ ಮುಟ್ಟಿ ನೋಡಿ ತಿಳಿಯಲಾಗದು. ಬಿಸಿಯಲ್ಲಿ ಲೇಪನ ಯಾವಾಗಲೂ ಮೆತ್ತಗೇ ಇರುತ್ತದೆ. ಒಂದು ಬಾದಾಮಿಯನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು ಮೂರು ನಿಮಿಷ ಆರಿಸಿ ಕಚ್ಚಬೇಕು. ಗರಿಗರಿ ಎಂದರೆ ಆಯಿತು. ಹಲ್ಲಿಗೆ ಅಂಟಿದರೆ ಮುಚ್ಚಳ ತೆರೆದೇ ಇನ್ನಿಪ್ಪತ್ತು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಮಳೆಯ ದಿನ ಒಟ್ಟು ಸಮಯ ನಾಲ್ಕು ಗಂಟೆಯ ಹತ್ತಿರ ಹೋದರೂ ಆಶ್ಚರ್ಯವಿಲ್ಲ.

ನಡುವೆ ಕರೆಂಟು ಹೋದರೆ ಗಾಬರಿ ಬೇಡ. ಪಿಂಗಾಣಿ ಪಾತ್ರೆ ಕಾವನ್ನು ಅರ್ಧ ಗಂಟೆಯವರೆಗೆ ಸಾಕಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಮನೆಯ ಯುಪಿಎಸ್‌ಗೆ 200 ವ್ಯಾಟ್ ದೊಡ್ಡ ಹೊರೆಯಲ್ಲವಾದರೂ ಅಡುಗೆಮನೆಯ ಪವರ್ ಪ್ಲಗ್ ಸಾಮಾನ್ಯವಾಗಿ ಆ ಲೈನಿಗೆ ಸೇರಿರುವುದಿಲ್ಲ. ಮೊದಲ ಗಂಟೆಯಲ್ಲಿಯೇ ಹೋಗಿ ಬೇಗ ಬರುವ ಸೂಚನೆಯಿಲ್ಲದಿದ್ದರೆ ಮೊಟ್ಟೆಯ ಬಿಳಿ ಅರೆಬೆಂದು ನಿಲ್ಲುವುದು ಒಳ್ಳೆಯದಲ್ಲ. ಎಲ್ಲವನ್ನೂ ದಪ್ಪ ಬಾಣಲೆಗೆ ಸುರಿದು, ಕೆಳಗೆ ದೋಸೆ ಕಾವಲಿ ಇಟ್ಟು, ಅತಿ ಸಣ್ಣ ಉರಿಯಲ್ಲಿ ಕಲಕುತ್ತ ಮುಗಿಸಬೇಕು.

ಆರಿಸುವುದು, ಶೇಖರಿಸುವುದು

ದೊಡ್ಡ ತಟ್ಟೆಗಳ ಮೇಲೆ ಬೇಕಿಂಗ್ ಪೇಪರ್ ಹಾಸಿ ಬೀಜಗಳನ್ನು ಒಂದೇ ಪದರವಾಗಿ ಹರಡಿ, ಎರಡು ಫೋರ್ಕ್ ಹಿಡಿದು ಬೇರ್ಪಡಿಸಬೇಕು. ಬಟರ್ ಪೇಪರ್ ಎಂಬ ಹೆಸರಿನಲ್ಲಿ ಕೆಲವೊಮ್ಮೆ ಮೇಣ ಸವರಿದ ಕಾಗದವನ್ನೂ ಮಾರುತ್ತಾರೆ. ಬಿಸಿ ಬೀಜಗಳಿಗೆ ಆ ಮೇಣ ಅಂಟುವುದರಿಂದ, ಸಂದೇಹವಿದ್ದರೆ ತುಪ್ಪ ಸವರಿದ ಬರಿಯ ಸ್ಟೀಲ್ ತಟ್ಟೆಯೇ ವಾಸಿ. ಫ್ಯಾನಿನ ಕೆಳಗೆ ಒಂದು ಗಂಟೆಯಾದರೂ ಆರಬೇಕು. ಕೈಗೆ ತುಸುವೂ ಬೆಚ್ಚಗೆನಿಸದ ಮೇಲಷ್ಟೇ ಡಬ್ಬಿಗೆ ಹಾಕಬೇಕು, ಇಲ್ಲವಾದರೆ ಡಬ್ಬಿಯೊಳಗೇ ಹಬೆ ಹನಿಗಟ್ಟಿ ಮೂರು ಗಂಟೆಯ ಶ್ರಮ ಒಂದು ರಾತ್ರಿಯಲ್ಲಿ ವ್ಯರ್ಥವಾಗುತ್ತದೆ.

ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಎರಡು ವಾರ ನಿಶ್ಚಿಂತೆಯಿಂದ ಇಡಬಹುದು. ಅಕ್ರೋಟಿನ ಎಣ್ಣೆ ಬೇಗ ಕಮಟುವುದರಿಂದ ಅದಿರುವ ಬಾಟಲಿಯನ್ನು ಮೊದಲು ಮುಗಿಸಬೇಕು. ಫ್ರಿಜ್ಜಿನಲ್ಲಿಡುವುದರಿಂದ ಲಾಭವಿಲ್ಲ, ಹೊರತೆಗೆದಾಗಲೆಲ್ಲ ತಣ್ಣನೆಯ ಬೀಜಗಳ ಮೇಲೆ ತೇವ ಕೂರುತ್ತದೆ. ಬಾಟಲಿಯಲ್ಲಿದ್ದದ್ದು ಮೆತ್ತಗಾದರೆ ಓಟಿಜಿ ಎಂಬ ಸಣ್ಣ ವಿದ್ಯುತ್ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿಮಾಡಿ ಮತ್ತೆ ಆರಿಸಿದರೆ ಬಹುತೇಕ ಮೊದಲಿನ ಸ್ಥಿತಿಗೆ ಬರುತ್ತದೆ. ಉಡುಗೊರೆಯಾಗಿ ಕೊಡುವಾಗ ಯಾವ ಯಾವ ಬೀಜಗಳಿವೆ, ಮೊಟ್ಟೆ ಇದೆಯೇ ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸುವುದು ಕರ್ತವ್ಯ. ಬೀಜಗಳ ಅಲರ್ಜಿ ಸಣ್ಣ ಮಾತಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿ ಬೀಜ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಕಡಲೆಬೀಜದ ಒಂದು ಬಗೆ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಿಂದ ಚೀಲ ತುಂಬಿಕೊಂಡು ಬಂದವರಿಗೆ ಈ ಬಗೆ ಒದಗೀತು. ಕಡಲೆಬೀಜವನ್ನು ಸಿಪ್ಪೆಸಹಿತ ಹುರಿದು, ಚಕ್ಕೆ, ವೆನಿಲ್ಲಾಗಳನ್ನು ಕೈಬಿಟ್ಟು, ಅರ್ಧ ಕಿಲೋಗೆ 200 ಗ್ರಾಂ ಸಕ್ಕರೆ, ಒಂದೂವರೆ ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಒಂದು ಚಮಚ ಉಪ್ಪು, ಎರಡು ಚಿಟಿಕೆ ಇಂಗು ಬೆರೆಸಬೇಕು. ಅಯ್ಯಂಗಾರ್ ಬೇಕರಿಗಳ ಕಾಂಗ್ರೆಸ್ ಕಡಲೆಬೀಜದ ರುಚಿ ಬಲ್ಲವರಿಗೆ ಈ ಮಸಾಲೆಯ ಮೂಲ ಹೇಳಬೇಕಾಗಿಲ್ಲ. ಅದಕ್ಕೆ ಸಿಹಿ ಸೇರಿದರೆ ಹೇಗಿರುತ್ತದೋ ಹಾಗಿರುತ್ತದೆ. ಕರಿಬೇವನ್ನು ಮಾತ್ರ ಕುಕ್ಕರ್‌ಗೆ ಹಾಕಬಾರದು, ಅದರ ತೇವ ಲೇಪನವನ್ನು ಕೆಡಿಸುತ್ತದೆ. ಬೇರೆಯಾಗಿ ಗರಿಗರಿಯಾಗಿ ಹುರಿದು, ಬೀಜಗಳು ಪೂರ್ತಿ ಆರಿದ ಮೇಲೆ ಬೆರೆಸಬೇಕು. ಉಳಿದ ಕ್ರಮವೆಲ್ಲ ಮೇಲಿನದೇ. ಬೀಜ ಚಿಕ್ಕದಾದ್ದರಿಂದ ಅಂಟುವುದು ಹೆಚ್ಚು, ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಕಲಕುವುದು ಅಗತ್ಯ.

ಪಾತ್ರೆ ತೊಳೆಯುವುದಕ್ಕೆ ಉಜ್ಜಾಟ ಬೇಕಿಲ್ಲ. ಬಿಸಿ ಆರುವ ಮುನ್ನವೇ ಅಂಟಿದ ಸಕ್ಕರೆಯ ಮಟ್ಟಕ್ಕೆ ಬಿಸಿ ನೀರು ತುಂಬಿ, ಮುಚ್ಚಳ ಹಾಕಿ ಕಡಿಮೆ ಕಾವಿನಲ್ಲಿ ಅರ್ಧ ಗಂಟೆ ಬಿಟ್ಟರೆ ಸಕ್ಕರೆಯೆಲ್ಲ ಕರಗಿಹೋಗುತ್ತದೆ. ಕಟ್ಟೆಯ ಮೇಲೆ ಉದುರಿದ ಸಕ್ಕರೆಯ ಪುಡಿಯನ್ನೂ ಆ ಬಟ್ಟೆಗಳನ್ನೂ ಅಂದೇ ತೊಳೆದುಬಿಡಬೇಕು, ಏಕೆಂದರೆ ಇರುವೆಗಳು ನಾಳೆಯವರೆಗೆ ಕಾಯುವುದಿಲ್ಲ.